ತುಂಗೆಯ ದೇವರ ಮೀನು: ಮಹಸೀರನ್ನು ಗುರುತಿಸುವ ಬಗೆ

ಶೃಂಗೇರಿಗೆ ಬರುವ ಯಾತ್ರಿಕರಲ್ಲಿ ಶಾರದಾಂಬೆಯ ದರ್ಶನ ಮುಗಿಸಿ ತುಂಗಾ ತೀರದ ಮೆಟ್ಟಿಲುಗಳಿಗೆ ಇಳಿಯದೆ ಹಿಂದಿರುಗುವವರು ವಿರಳ. ಒಂದು ಹಿಡಿ ಮಂಡಕ್ಕಿ ನೀರಿಗೆ ಬಿದ್ದೊಡನೆ ದೊಡ್ಡ ದೊಡ್ಡ ಮೀನುಗಳು ಮೈಗೆ ಮೈ ತಾಗಿಸಿಕೊಂಡು ಮೇಲೇಳುತ್ತವೆ. ಇವುಗಳನ್ನು ಇಲ್ಲಿ ಯಾರೂ ಹಿಡಿಯುವುದಿಲ್ಲ, ಕೊಲ್ಲುವುದಿಲ್ಲ. ಊರಿನವರ ಪಾಲಿಗೆ ಇವು ದೇವರ ಮೀನುಗಳು. ಮತ್ಸ್ಯಶಾಸ್ತ್ರದ ಪುಸ್ತಕಗಳಲ್ಲಿ ಈ ಗುಂಪಿನ ಪ್ರಧಾನ ಸದಸ್ಯನ ಹೆಸರು ಮಹಸೀರ್.

ಆದರೆ ತುಂಗೆಯಲ್ಲಿ ಕಾಣುವ ಪ್ರತಿಯೊಂದು ದೊಡ್ಡ ಮೀನೂ ಮಹಸೀರ್ ಅಲ್ಲ. ನಾಡಿನ ಎಲ್ಲ ಮಹಸೀರ್‌ಗಳೂ ಒಂದೇ ಪ್ರಭೇದಕ್ಕೆ ಸೇರಿದವುಗಳಲ್ಲ. ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಹೊಳೆಗಳಲ್ಲಿ ಮಹಸೀರನ್ನು ಇತರ ಗೆಂಡೆ ಮೀನುಗಳಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದು ಪಂಡಿತರ ಚರ್ಚೆಗಷ್ಟೇ ಸೀಮಿತವಾದ ವಿಷಯವಲ್ಲ. ನಮ್ಮದೇ ರಾಜ್ಯದ ಕಾವೇರಿಗೆ ಬೇರೊಂದು ನದಿಯ ಮಹಸೀರನ್ನು ತಂದು ಬಿಟ್ಟ ನಂತರದ ದಶಕಗಳಲ್ಲಿ ಅಲ್ಲಿನ ಮೂಲದ ಮಹಸೀರ್ ಅಳಿವಿನ ಅಂಚಿಗೆ ಸರಿದಿದೆ. ಮೀನಿನ ಹೆಸರು ತಪ್ಪಿದರೆ ಅದರ ರಕ್ಷಣೆಯೂ ದಾರಿ ತಪ್ಪುತ್ತದೆ.

ಒಂದೇ ಬೆಟ್ಟ, ಎರಡು ಕಡಲು

ತುಂಗಾ ಮತ್ತು ಭದ್ರಾ ನದಿಗಳೆರಡೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ ಹುಟ್ಟುತ್ತವೆ. ತುಂಗೆ ಕೆರೆಕಟ್ಟೆ, ನೆಮ್ಮಾರುಗಳನ್ನು ದಾಟಿ ಶೃಂಗೇರಿಗೆ ಬಂದು, ಕೊಪ್ಪ ತಾಲ್ಲೂಕಿನ ಹರಿಹರಪುರದ ಮೂಲಕ ತೀರ್ಥಹಳ್ಳಿಯ ಕಡೆಗೆ ಸಾಗುತ್ತದೆ. ಭದ್ರೆ ಕುದುರೆಮುಖ, ಕಳಸಗಳ ಮೇಲೆ ಹರಿದು ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರನ್ನು ಮುಟ್ಟಿ, ಮುಂದೆ ಲಕ್ಕವಳ್ಳಿಯ ಅಣೆಕಟ್ಟೆಯ ಹಿನ್ನೀರಿನಲ್ಲಿ ಹರಡಿಕೊಳ್ಳುತ್ತದೆ. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಎರಡೂ ಸೇರಿ ತುಂಗಭದ್ರೆಯಾಗಿ ಕೃಷ್ಣೆಯನ್ನು ಕೂಡಿಕೊಂಡು ಬಂಗಾಳಕೊಲ್ಲಿಯನ್ನು ತಲುಪುತ್ತವೆ. ಅದೇ ಗಂಗಾಮೂಲದಲ್ಲಿ ಹುಟ್ಟುವುದೆಂದು ಪ್ರತೀತಿಯಿರುವ ನೇತ್ರಾವತಿ ಮಾತ್ರ ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ.

ಮೀನನ್ನು ಗುರುತಿಸಲು ಹೊರಟವರಿಗೆ ಈ ಭೂಗೋಳ ಅತ್ಯಗತ್ಯ. ಮೀನು ಬೆಟ್ಟ ಹತ್ತಿ ಇನ್ನೊಂದು ಕಣಿವೆಗೆ ಇಳಿಯಲಾರದು. ಘಟ್ಟದ ಎರಡು ಬದಿಯ ಹೊಳೆಗಳಲ್ಲಿ ನೋಡಲು ಒಂದೇ ತೆರನಾದ ಮೀನುಗಳು ಸಾವಿರಾರು ವರ್ಷ ಬೇರೆಬೇರೆಯಾಗಿಯೇ ಉಳಿದು ಬೇರೆ ಪ್ರಭೇದಗಳಾಗಿರಲು ಸಾಧ್ಯ. ಆದ್ದರಿಂದ ಮೀನಿನ ಮೈ ನೋಡುವ ಮೊದಲು ಅದು ಯಾವ ಹೊಳೆಯದು ಎಂದು ಕೇಳಿಕೊಳ್ಳುವುದು ಒಳಿತು.

ಮೊದಲು ಹುರುಪೆ ಎಣಿಸಬೇಕು

ಮಹಸೀರಿನ ಮೊದಲ ಗುರುತು ಅದರ ಹುರುಪೆಯ ಗಾತ್ರ. ಮೈತುಂಬ ಹೆಂಚು ಹೊದಿಸಿದಂತೆ ಅಗಲವಾದ, ಒಂದರ ಮೇಲೊಂದು ಹಾಸಿಕೊಂಡ ಹುರುಪೆಗಳು. ಪ್ರತಿ ಹುರುಪೆಯ ಅಂಚು ಸ್ಪಷ್ಟವಾಗಿ ಕಾಣುವುದರಿಂದ ದಡದ ಮೇಲೆ ನಿಂತವರಿಗೂ ಮೀನಿನ ಬೆನ್ನ ಮೇಲೆ ಬಲೆಯ ಕಣ್ಣುಗಳಂತಹ ವಿನ್ಯಾಸ ತೋರುತ್ತದೆ. ಆದರೆ ‘ದೊಡ್ಡ ಹುರುಪೆ’ ಎಂಬ ಮಾತು ಅವರವರ ಕಣ್ಣಿಗೆ ಬಿಟ್ಟದ್ದು. ಹಾಗಾಗಿ ಮತ್ಸ್ಯತಜ್ಞರು ಹುರುಪೆಯನ್ನು ಅಳೆಯುವುದಕ್ಕಿಂತ ಎಣಿಸುವುದನ್ನು ಹೆಚ್ಚು ನಂಬುತ್ತಾರೆ.

ಎಣಿಸುವುದು ಪಾರ್ಶ್ವರೇಖೆಯ ಉದ್ದಕ್ಕೆ. ಕಿವಿರು ಮುಚ್ಚಳದ ಹಿಂದಂಚಿನಿಂದ ಬಾಲದ ಬುಡದವರೆಗೆ ಮೀನಿನ ಮೈಯ ಪಕ್ಕದಲ್ಲಿ ತುಸು ಬಾಗಿ ಸಾಗುವ ಒಂದು ಸಾಲು ಇದು. ಈ ಸಾಲಿನ ಪ್ರತಿ ಹುರುಪೆಯಲ್ಲೂ ಸೂಕ್ಷ್ಮವಾದ ರಂಧ್ರವೊಂದಿರುತ್ತದೆ; ನೀರಿನ ಚಲನೆ, ಕಂಪನಗಳನ್ನು ಮೀನು ಗ್ರಹಿಸುವುದು ಇದರ ಮೂಲಕವೇ. ದಖ್ಖನ್ನಿನ ಮಹಸೀರಿನಲ್ಲಿ ಈ ಸಾಲಿನ ಹುರುಪೆಗಳ ಸಂಖ್ಯೆ ಸಾಮಾನ್ಯವಾಗಿ 25ರಿಂದ 27. ಒಂದೆರಡು ಹೆಚ್ಚುಕಡಿಮೆಯಾಗುವುದುಂಟು, ಆದರೆ 40ಕ್ಕೆ ಹೋಗುವುದಿಲ್ಲ. ರೋಹು ಮತ್ತು ಕಾಟ್ಲಾಗಳಲ್ಲಿ ಇದೇ ಸಾಲಿನಲ್ಲಿ 40ಕ್ಕೂ ಮಿಗಿಲಾದ ಹುರುಪೆಗಳಿರುತ್ತವೆ. ಸಾಮಾನ್ಯ ಗೆಂಡೆಯಲ್ಲಿ 35ರಿಂದ 39.

ಈ ಎಣಿಕೆಯ ದೊಡ್ಡ ಗುಣವೆಂದರೆ ಅದು ವಯಸ್ಸಿನೊಂದಿಗೆ ಬದಲಾಗದು. ಮರಿ ಮೀನಿಗೆ ಹುರುಪೆ ಮೂಡಿದ ಮೇಲೆ ಮೀನು ಬೆಳೆದಂತೆ ಹುರುಪೆಯೂ ಬೆಳೆಯುತ್ತದೆಯೇ ಹೊರತು ಸಂಖ್ಯೆ ಹೆಚ್ಚುವುದಿಲ್ಲ. ಗೇಣುದ್ದದ ಮಹಸೀರಿಗೂ ಹತ್ತು ಕಿಲೋ ತೂಗುವ ಮಹಸೀರಿಗೂ ಲೆಕ್ಕ ಒಂದೇ. ಮೀನನ್ನು ಮುಟ್ಟುವ ಅಗತ್ಯವೂ ಇಲ್ಲ: ಪಕ್ಕದಿಂದ ತೆಗೆದ ಸ್ಪಷ್ಟವಾದ ಒಂದು ಛಾಯಾಚಿತ್ರವನ್ನು ಹಿಗ್ಗಿಸಿ ನೋಡಿದರೆ ಶಾಲಾ ಬಾಲಕರೂ ಎಣಿಸಬಲ್ಲರು.

ಮೀಸೆ ಮತ್ತು ತುಟಿ

ಎರಡನೆಯ ಗುರುತು ಮುಖದಲ್ಲಿದೆ. ಮಹಸೀರಿಗೆ ಎರಡು ಜೊತೆ, ಅಂದರೆ ನಾಲ್ಕು ಮೀಸೆಗಳು. ಒಂದು ಜೊತೆ ಮೂತಿಯ ತುದಿಯ ಬಳಿ, ಇನ್ನೊಂದು ಜೊತೆ ಬಾಯಿಯ ಎರಡು ಮೂಲೆಗಳಲ್ಲಿ. ಮಂಡಕ್ಕಿಗೆ ಬಾಯ್ತೆರೆದು ಮೇಲೆ ಬಂದಾಗ ಇವು ಕ್ಷಣಕಾಲ ಕಾಣಿಸುತ್ತವೆ. ಈ ಮೀಸೆಗಳು ಅಲಂಕಾರಕ್ಕಲ್ಲ. ಕಲ್ಲುಗಳ ಸಂದಿಯಲ್ಲಿ ಆಹಾರವನ್ನು ತಡವಿ, ರುಚಿ ನೋಡಿ ಹುಡುಕುವ ಅಂಗಗಳು.

ತುಟಿ ಇನ್ನೂ ಮುಖ್ಯ. ಮಹಸೀರಿನ ತುಟಿಗಳು ದಪ್ಪ, ಮಾಂಸಲ. ಕೆಳದುಟಿಯ ನಡುವೆ ಗಲ್ಲದ ಕಡೆಗೆ ಮಡಿಚಿಕೊಂಡ ಒಂದು ಹಾಲೆ ಇರುತ್ತದೆ, ಅದರ ಹಿಂದಿನ ಗೀರು ಒಂದು ಬದಿಯಿಂದ ಇನ್ನೊಂದು ಬದಿಗೆ ಎಲ್ಲೂ ಕಡಿಯದೆ ಸಾಗುತ್ತದೆ. ಮಹಸೀರ್‌ಗಳು ಸೇರುವ ಟಾರ್ ಕುಲವನ್ನು ಅದರ ಹತ್ತಿರದ ಬಂಧುಗಳಿಂದ ಬೇರ್ಪಡಿಸುವಲ್ಲಿ ತಜ್ಞರು ಮೊದಲು ನೋಡುವುದು ಇದನ್ನೇ.

ಆದರೆ ತುಟಿಯ ದಪ್ಪವನ್ನೇ ನೆಚ್ಚಿ ಪ್ರಭೇದವನ್ನು ನಿರ್ಧರಿಸುವಂತಿಲ್ಲ. ಒಂದೇ ಮಡುವಿನ ಮಹಸೀರ್‌ಗಳಲ್ಲಿ ಕೆಲವಕ್ಕೆ ತುಟಿ ಜೋತುಬಿದ್ದಂತೆ ಬೆಳೆದಿರುತ್ತದೆ, ಕೆಲವಕ್ಕೆ ಸಾಧಾರಣವಾಗಿರುತ್ತದೆ. ಹಿಂದೆ ಇಂತಹ ದಪ್ಪ ತುಟಿಯ ಮೀನುಗಳನ್ನು ಬೇರೆ ಪ್ರಭೇದವೆಂದೇ ಹೆಸರಿಸಿದ್ದುಂಟು. ಈಗ ಇದನ್ನು ವ್ಯಕ್ತಿಗತ ವ್ಯತ್ಯಾಸವೆಂದು ಪರಿಗಣಿಸಲಾಗುತ್ತಿದೆ. ತುಟಿಯ ಹಾಲೆ ಇದೆಯೇ ಇಲ್ಲವೇ ಎಂಬುದು ಪ್ರಶ್ನೆಯೇ ಹೊರತು ಅದೆಷ್ಟು ದಪ್ಪ ಎಂಬುದಲ್ಲ.

ದವಡೆಯಲ್ಲಿ ಹಲ್ಲು ಹುಡುಕಬಾರದು. ಗೆಂಡೆ ಕುಟುಂಬದ ಎಲ್ಲ ಮೀನುಗಳಂತೆ ಮಹಸೀರಿಗೂ ಹಲ್ಲುಗಳಿರುವುದು ಗಂಟಲಿನ ಒಳಗೆ. ಹೊಳೆಗೆ ಬಿದ್ದ ಕಾಡುಹಣ್ಣು, ಏಡಿ, ಶಂಬುಕ, ಸಣ್ಣ ಮೀನು ಎಲ್ಲವನ್ನೂ ಜಜ್ಜಿ ನುಂಗುವ ಸಾಮರ್ಥ್ಯ ಅದಕ್ಕಿದೆ.

ಈಜುರೆಕ್ಕೆ, ತಲೆ, ಬಣ್ಣ

ಬೆನ್ನಿನ ಮೇಲೆ ಒಂದೇ ಈಜುರೆಕ್ಕೆ. ಅದರ ಮುಂಭಾಗದಲ್ಲಿ ಗಟ್ಟಿಯಾದ ಮುಳ್ಳಿನಂತಹ ಒಂದು ಕಡ್ಡಿ ಇದ್ದು, ಅದರ ಹಿಂದಂಚು ನಯವಾಗಿರುತ್ತದೆ, ಗರಗಸದಂತಿರುವುದಿಲ್ಲ. ಅದರ ಹಿಂದೆ ಕವಲೊಡೆದ ಮೃದು ಕಡ್ಡಿಗಳು ಸಾಮಾನ್ಯವಾಗಿ ಒಂಬತ್ತು. ಬಾಲ ಆಳವಾಗಿ ಸೀಳಿದೆ.

ತಲೆ ಮತ್ತು ಮೈಯ ಅನುಪಾತವನ್ನು ಹಳೆಯ ಕೈಪಿಡಿಗಳು ಬಹಳವಾಗಿ ಅವಲಂಬಿಸಿವೆ. ಮೂತಿಯ ತುದಿಯಿಂದ ಕಿವಿರು ಮುಚ್ಚಳದ ಹಿಂದಂಚಿನವರೆಗಿನ ಉದ್ದ ಒಂದು ಅಳತೆ. ಬೆನ್ನಿನಿಂದ ಹೊಟ್ಟೆಯವರೆಗಿನ ಗರಿಷ್ಠ ಎತ್ತರ ಇನ್ನೊಂದು. ಹಿಮಾಲಯದ ನದಿಗಳ ಪುಟಿಟೋರಾ ಮಹಸೀರಿನಲ್ಲಿ ತಲೆಯೇ ಉದ್ದ. ಟಾರ್ ಟಾರ್ ಎಂಬ ಪ್ರಭೇದದಲ್ಲಿ ತಲೆ ಗಿಡ್ಡ, ಮೈ ಎತ್ತರ. ದಖ್ಖನ್ನಿನ ಮಹಸೀರಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹೊಳೆಯ ನಡುವೆ ಸ್ವತಂತ್ರವಾಗಿ ಬೆಳೆದ ಮೀನಿಗೆ ಈ ನಿಯಮ ತಕ್ಕಮಟ್ಟಿಗೆ ಸರಿಹೊಂದುತ್ತದೆ. ಭಕ್ತರ ಮಂಡಕ್ಕಿ ತಿಂದು ಹೊಟ್ಟೆ ಬೆಳೆಸಿದ ತೀರ್ಥಕ್ಷೇತ್ರದ ಮೀನಿನ ವಿಷಯದಲ್ಲಿ ಈ ಅಳತೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗುತ್ತದೆ.

ಬಣ್ಣ ಎಲ್ಲಕ್ಕಿಂತ ಕೊನೆಯ ಸಾಕ್ಷಿ. ಬೆನ್ನು ಹಸಿರು ಬೆರೆತ ಬೂದು, ಪಕ್ಕ ಬೆಳ್ಳಿಯ ಮೇಲೆ ಕಂಚು ಬಳಿದಂತೆ, ಹೊಟ್ಟೆ ಬಿಳಿಚು, ಈಜುರೆಕ್ಕೆಗಳು ನೀಲಿ ಬೆರೆತ ಬೂದು: ದಖ್ಖನ್ನಿನ ಮಹಸೀರಿನ ಸಾಮಾನ್ಯ ವರ್ಣನೆ ಇದು. ನೀಲಿ ರೆಕ್ಕೆಯ ಮಹಸೀರ್ ಎಂಬ ಹೆಸರು ಬಂದಿರುವುದೂ ಇದರಿಂದಲೇ. ಆದರೆ ಮಳೆಗಾಲದ ಕೆಂಪು ನೀರಿನಲ್ಲಿ, ಮರದ ನೆರಳಿನ ಮಡುವಿನಲ್ಲಿ, ಬೇಸಗೆಯ ತಿಳಿನೀರಿನಲ್ಲಿ ಒಂದೇ ಮೀನು ಮೂರು ಬಣ್ಣಗಳಲ್ಲಿ ಕಂಡೀತು.

ಮೋಸಗೊಳಿಸುವ ಮೀನುಗಳು

ನರಸಿಂಹರಾಜಪುರದ ಹಿನ್ನೀರಿನ ಕಡೆ ಮಹಸೀರೆಂದು ತಪ್ಪಾಗಿ ತಿಳಿಯಲು ಹೆಚ್ಚು ಅವಕಾಶವಿರುವುದು ಸಾಮಾನ್ಯ ಗೆಂಡೆಯನ್ನು. ಅದಕ್ಕೂ ನಾಲ್ಕು ಮೀಸೆಗಳಿವೆ, ಅದರ ಮೈಯೂ ಕಂಚಿನ ಬಣ್ಣದ್ದೇ. ವ್ಯತ್ಯಾಸ ತಿಳಿಯಲು ಬೆನ್ನು ನೋಡಿದರೆ ಸಾಕು. ಗೆಂಡೆಯ ಬೆನ್ನಿನ ಈಜುರೆಕ್ಕೆ ಬೆನ್ನಿನ ಬಹುಭಾಗವನ್ನು ಆವರಿಸುವಷ್ಟು ಉದ್ದ, ಅದರ ಮುಂದಿನ ಮುಳ್ಳಿಗೆ ಗರಗಸದ ಹಲ್ಲುಗಳಿವೆ. ಬಲೆಯಿಂದ ಗೆಂಡೆ ಬಿಡಿಸುವಾಗ ಆ ಮುಳ್ಳು ಬೆರಳಿಗೆ ತಾಗಿದವರು ಈ ಪಾಠವನ್ನು ಮರೆಯುವುದಿಲ್ಲ. ಇದೇ ಗೆಂಡೆಯ ಮಿರರ್ ಕಾರ್ಪ್ ಎಂಬ ತಳಿಗೆ ಮಹಸೀರಿಗಿಂತಲೂ ದೊಡ್ಡ ಹುರುಪೆಗಳಿರುತ್ತವೆ. ಆದರೆ ಅವು ಮೈಮೇಲೆ ಅಲ್ಲೊಂದು ಇಲ್ಲೊಂದು ಅಂಟಿಸಿದಂತಿದ್ದು ನಡುನಡುವೆ ಬರಿ ಚರ್ಮ ಕಾಣುತ್ತದೆ.

ಕಾಟ್ಲಾಗೆ ಮೀಸೆ ಇಲ್ಲ, ತಲೆ ವಿಪರೀತ ದೊಡ್ಡದು, ಬಾಯಿ ಮೇಲ್ಮುಖ. ರೋಹುವಿನ ಬಾಯಿ ಕೆಳಮುಖ, ತುಟಿಗೆ ಝಾಲರಿಯಂತಹ ಅಂಚು. ಇವೆರಡೂ ಉತ್ತರದ ನದಿಗಳಿಂದ ಬಂದು ನಮ್ಮ ಕೆರೆ, ಜಲಾಶಯಗಳಲ್ಲಿ ಬಿತ್ತನೆಯಾದ ಮೀನುಗಳು.

ನಿಜಕ್ಕೂ ಕಷ್ಟವಾಗುವುದು ಹಿಪ್ಸೆಲೋಬಾರ್ಬಸ್ ಎಂಬ ಕುಲದ ನಮ್ಮದೇ ಹೊಳೆಮೀನುಗಳ ವಿಷಯದಲ್ಲಿ. ಇವು ಪಶ್ಚಿಮಘಟ್ಟದ ಮತ್ತು ದಖ್ಖನ್ನಿನ ನದಿಗಳಿಗೆ ಸೀಮಿತವಾದ, ಮಹಸೀರಿನಂತೆಯೇ ದೊಡ್ಡದಾಗಿ ಬೆಳೆಯುವ ಮೀನುಗಳು. ಹರಗಿ ಎಂದು ಹೆಸರಾದ, ನೀರಿನ ಹುಲ್ಲುಸೊಪ್ಪು ಮೇಯುವ ಮೀನೂ ಈ ಕುಲದ್ದೇ. ಕೃಷ್ಣಾ ನದಿ ವ್ಯವಸ್ಥೆಯ ಇದೇ ಕುಲದ ಕೋಲಸ್ ಎಂಬ ಪ್ರಭೇದಕ್ಕೆ ಒಂದೇ ಜೊತೆ ಮೀಸೆ ಇದ್ದು, ಪಾರ್ಶ್ವರೇಖೆಯಲ್ಲಿ 40ಕ್ಕೂ ಹೆಚ್ಚು ಹುರುಪೆಗಳಿರುತ್ತವೆ. ನಾಲ್ಕು ಮೀಸೆಯ ಪ್ರಭೇದಗಳೂ ಈ ಕುಲದಲ್ಲಿವೆ. ಅಂತಹ ಸಂದರ್ಭದಲ್ಲಿ ಕೈಹಿಡಿಯುವುದು ಕೆಳದುಟಿಯ ನಡುವಿನ ಹಾಲೆ: ಮಹಸೀರಿಗೆ ಅದು ಇದೆ, ಹಿಪ್ಸೆಲೋಬಾರ್ಬಸ್‌ಗೆ ಇಲ್ಲ. ಈ ಮೀನುಗಳು ಮಹಸೀರಿನಷ್ಟು ಪ್ರಸಿದ್ಧವಲ್ಲದಿರಬಹುದು. ಅಪಾಯ ಮಾತ್ರ ಅವಕ್ಕೂ ಕಡಿಮೆಯೇನಲ್ಲ.

ಘಟ್ಟ ಹತ್ತಿ ಬರುವ ಕಡಲ ಮೀನಿನ ಬುಟ್ಟಿಯಲ್ಲಿ ಒಮ್ಮೊಮ್ಮೆ ಬೆಳ್ಳಿ ಮೈಯ, ದೊಡ್ಡ ಹುರುಪೆಯ ಇನ್ನೊಂದು ಮೀನು ಇರುತ್ತದೆ. ಕೊಂಕಣಿಯಲ್ಲಿ ಶೆವ್ಟೊ ಎಂದು ಕರೆಯುವ ಮಲೆಟ್ ಇದು. ಕಾಳಿಯಿಂದ ನೇತ್ರಾವತಿಯವರೆಗೆ ಕರಾವಳಿಯ ಅಳಿವೆಗಳ ಪರಿಚಿತ ಮೀನು. ಹೊಳೆಮೀನೆಂದು ಯಾರಾದರೂ ಇದನ್ನು ಕೊಟ್ಟರೆ ನಂಬಬೇಕಿಲ್ಲ. ಮಲೆಟ್‌ನ ಬೆನ್ನಿನ ಮೇಲೆ ಒಂದರಿಂದೊಂದು ದೂರವಿರುವ ಎರಡು ಈಜುರೆಕ್ಕೆಗಳಿವೆ, ಮುಂದಿನದಕ್ಕೆ ನಾಲ್ಕು ಮುಳ್ಳುಗಳು. ಮೀಸೆ ಇಲ್ಲ. ತಲೆ ಮೇಲ್ಭಾಗದಲ್ಲಿ ಚಪ್ಪಟೆ, ಮೂತಿ ಮೊಂಡು, ತುಟಿ ತೆಳು. ಬೂದು ಮಲೆಟ್ ಎಂಬ ಸಾಮಾನ್ಯ ಪ್ರಭೇದದಲ್ಲಿ ಕಣ್ಣಿನ ಮೇಲೆ ಪಾರದರ್ಶಕವಾದ ಕೊಬ್ಬಿನ ಪೊರೆ ಹರಡಿರುತ್ತದೆ, ಮೈಯ ಪಕ್ಕದಲ್ಲಿ ಉದ್ದುದ್ದ ಕಪ್ಪು ಗೆರೆಗಳು ಕಾಣುತ್ತವೆ. ಎಲ್ಲಕ್ಕಿಂತ ವಿಚಿತ್ರವೆಂದರೆ ಮಹಸೀರಿನಲ್ಲಿ ನಾವು ಎಣಿಸಿದ ಪಾರ್ಶ್ವರೇಖೆ ಮಲೆಟ್‌ನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ನೇತ್ರಾವತಿಯ ಅಳಿವೆಗೆ ಏರಿ ಬರುವ ಮಲೆಟ್ ಘಟ್ಟದ ಆಚೆಯ ತುಂಗೆಗೆ ಬರಲು ದಾರಿಯೇ ಇಲ್ಲ ಎಂಬುದನ್ನು ಮೊದಲೇ ನೋಡಿದ್ದಾಗಿದೆ.

ಖುದ್ರಿ ಎಂಬ ಹೆಸರು

ತುಂಗೆಯ ಮಹಸೀರಿಗೆ ವಿಜ್ಞಾನ ಕೊಟ್ಟಿರುವ ಹೆಸರು ಟಾರ್ ಖುದ್ರಿ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಸೈಕ್ಸ್ 1839ರಲ್ಲಿ ದಖ್ಖನ್ನಿನ ಮೀನುಗಳ ಕುರಿತು ಪ್ರಕಟಿಸಿದ ಬರಹದಲ್ಲಿ ಈ ಮೀನನ್ನು ಮೊದಲು ವರ್ಣಿಸಿದ. ಅವನಿಗೆ ಮೀನು ಸಿಕ್ಕಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ. ಆ ನದಿ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತದೆ. ತುಂಗೆಯ ನೀರೂ ಕೃಷ್ಣೆಗೇ. ಪುಣೆಯ ಮೀನಿನ ಹೆಸರು ಶೃಂಗೇರಿಯ ಮೀನಿಗೆ ಒಪ್ಪುವುದು ಈ ನೀರಿನ ನಂಟಿನಿಂದ.

ಪಶ್ಚಿಮಕ್ಕೆ ಹರಿಯುವ ನದಿಗಳಲ್ಲಿ ಹಾಗಲ್ಲ. ಅಲ್ಲಿನ ಮಹಸೀರನ್ನು ಜೆರ್ಡನ್ 1849ರಲ್ಲಿ ಮಲಬಾರಿನ ಹೆಸರಿನಿಂದಲೇ ವರ್ಣಿಸಿದ್ದ. ನಂತರ ಬಹುಕಾಲ ಅದನ್ನು ಖುದ್ರಿಯ ಉಪಪ್ರಭೇದವೆಂದು ಭಾವಿಸಲಾಗಿತ್ತು. ವಂಶವಾಹಿಗಳ ಅಧ್ಯಯನದ ನಂತರ ಟಾರ್ ಮಲಬಾರಿಕಸ್ ಎಂಬ ಪ್ರತ್ಯೇಕ ಪ್ರಭೇದವೆಂದು ಮತ್ತೆ ಒಪ್ಪಿಕೊಳ್ಳಲಾಗಿದೆ. ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯ, ಶಿಶಿಲ ಮೊದಲಾದ ಮತ್ಸ್ಯಕ್ಷೇತ್ರಗಳ ಮೀನನ್ನು ಶೃಂಗೇರಿಯ ಮೀನಿಗೆ ಸರಿಸಮವೆಂದು ಹೇಳುವ ಮುನ್ನ ಹೊಳೆಯ ದಿಕ್ಕನ್ನು ನೋಡಬೇಕೆನ್ನುವುದು ಈ ಕಾರಣಕ್ಕೆ. ಇಂತಹ ಜೋಡಿಗಳಲ್ಲಿ ಕೇವಲ ಹೊರಲಕ್ಷಣದಿಂದ ತೀರ್ಮಾನಿಸುವುದು ತಜ್ಞರಿಗೂ ಕಷ್ಟ. ಈಜುರೆಕ್ಕೆಯ ಒಂದು ಚೂರಿನಿಂದ ತೆಗೆದ ಡಿಎನ್‌ಎ ಬೇಕಾಗುತ್ತದೆ.

ಕಾವೇರಿಯಲ್ಲಿ ನಡೆದದ್ದು

ಕಾವೇರಿ ತೀರದವರು ಬಿಳಿಮೀನು ಎನ್ನುವ ಮಹಸೀರ್ ಒಂದು ಕಾಲದಲ್ಲಿ ವಿಶ್ವಖ್ಯಾತಿ ಪಡೆದಿತ್ತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಬೆನ್ನು ಗೂನಾಗಿ ಏರಿದ, ಕಿತ್ತಳೆಯ ಛಾಯೆಯ ಈಜುರೆಕ್ಕೆಗಳ ಆ ಮೀನು ಕಾವೇರಿ ನದಿ ವ್ಯವಸ್ಥೆಯನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ.

1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳಾದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಮೀನುಮರಿ ಕೇಂದ್ರ ಮಹಸೀರ್ ಮರಿಗಳನ್ನು ಉತ್ಪಾದಿಸಿ ದೇಶದ ನಾನಾ ಕಡೆಗೆ ಕಳುಹಿಸತೊಡಗಿತು. ಮೀನು ಉಳಿಸುವ ಸದುದ್ದೇಶದಿಂದಲೇ ಆ ಮರಿಗಳನ್ನು ಕಾವೇರಿಗೂ ಬಿಡಲಾಯಿತು. ಅವು ನೀಲಿ ರೆಕ್ಕೆಯ ಖುದ್ರಿ ಮರಿಗಳು, ಕೃಷ್ಣೆಯ ಕಡೆಯ ಮೀನುಗಳು. ಹೊಸ ನದಿಯಲ್ಲಿ ಅವು ಚೆನ್ನಾಗಿ ಬೆಳೆದವು. ಗಾಳಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ ನೀಲಿ ರೆಕ್ಕೆಯ ಮಹಸೀರ್‌ಗಳ ಸಂಖ್ಯೆ ಏರಿರುವುದೂ ಗೂನುಬೆನ್ನಿನ ಮಹಸೀರ್ ಕುಸಿದಿರುವುದೂ ಸ್ಪಷ್ಟವಾಯಿತು.

ಆ ಹೊತ್ತಿಗೆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಅದನ್ನು ಬಹುಕಾಲ ಮುಸಲ್ಲಾ ಎಂಬ ಹೆಸರಿನಿಂದ ಕರೆಯಲಾಗುತ್ತಿತ್ತು. ಆದರೆ ಸೈಕ್ಸ್ ವರ್ಣಿಸಿದ ಮುಸಲ್ಲಾ ಮಹಸೀರೇ ಅಲ್ಲ, ಹಿಪ್ಸೆಲೋಬಾರ್ಬಸ್ ಕುಲದ ಮೀನು ಎಂದು ಗೊತ್ತಾಯಿತು. 2018ರಲ್ಲಷ್ಟೇ ಕಾವೇರಿಯ ಗೂನುಬೆನ್ನಿನ ಮಹಸೀರ್ ಮತ್ತು ಕೇರಳದ ಪಾಂಬಾರ್ ನದಿಯಿಂದ ಅದಕ್ಕೂ ಹಿಂದೆ ವರ್ಣಿತವಾಗಿದ್ದ ಟಾರ್ ರೆಮಾದೇವಿ ಒಂದೇ ಎಂದು ಸಂಶೋಧಕರು ತೋರಿಸಿಕೊಟ್ಟರು. ಆ ಹೆಸರು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟದ್ದು. ಹೆಸರು ದೊರೆತ ಮೇಲೆಯೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಮೀನಾಗಿ ಸೇರ್ಪಡೆಯಾಯಿತು. ಹೆಸರಿಲ್ಲದ ಮೀನನ್ನು ಯಾವ ಪಟ್ಟಿಗೂ ಸೇರಿಸಲಾಗದು.

ಖುದ್ರಿಯ ಸ್ಥಾನ ಇದಕ್ಕೆ ವ್ಯತಿರಿಕ್ತ. 2011ರಲ್ಲಿ ಅಪಾಯದಲ್ಲಿರುವ ಪ್ರಭೇದವೆಂದು ಪರಿಗಣಿತವಾಗಿದ್ದ ಅದು ನಂತರದ ಮರುಮೌಲ್ಯಮಾಪನದಲ್ಲಿ ಅತಿ ಕಡಿಮೆ ಆತಂಕದ ವರ್ಗಕ್ಕೆ ಬಂದಿದೆ. ಈ ವರ್ಗೀಕರಣವನ್ನು ಓದಿ ತುಂಗೆಯ ಮೀನು ಸುರಕ್ಷಿತವೆಂದು ತಿಳಿಯುವುದು ಅವಸರವಾದೀತು. ಪಟ್ಟಿ ಇಡೀ ಪ್ರಭೇದದ ಲೆಕ್ಕ ಹಾಕುತ್ತದೆ. ಒಂದು ಹೊಳೆಯ, ಒಂದು ಮಡುವಿನ ಲೆಕ್ಕವನ್ನಲ್ಲ. ಇನ್ನೊಂದು ನದಿಯಿಂದ ಅಥವಾ ಮೂಲ ತಿಳಿಯದ ಮರಿ ಕೇಂದ್ರದಿಂದ ತಂದ ಮಹಸೀರನ್ನು ತುಂಗೆಗೋ ಭದ್ರೆಗೋ ಬಿಡುವ ಮೊದಲು ಕಾವೇರಿಯ ಕಥೆಯನ್ನು ಒಮ್ಮೆ ನೆನೆಯಬೇಕು. ಹರಕೆಯ ಹೆಸರಿನಲ್ಲಿ ಪೇಟೆಯ ಜೀವಂತ ಮೀನನ್ನು ತಂದು ದೇವರ ಮಡುವಿಗೆ ಬಿಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮೆಟ್ಟಿಲಿನಿಂದ ಆಚೆಗೆ

ಶೃಂಗೇರಿಯ ಮೀನಿಗೆ ಬೇಲಿ ಇಲ್ಲ. ಮಠದ ಮುಂದಿನ ಮಡುವಿನಲ್ಲಿ ಅದು ದೇವರದ್ದು. ನಾಲ್ಕು ತಿರುವು ಆಚೆ ಅದು ಬರಿಯ ಮೀನು. ಮಹಸೀರ್ ಸ್ವಭಾವತಃ ಮಳೆಗಾಲದಲ್ಲಿ ನೀರಿಗೆ ಎದುರಾಗಿ ಮೇಲಕ್ಕೆ ಸಾಗಿ, ಹರಿಯುವ ತಿಳಿನೀರಿನ ಜಲ್ಲಿ ಹಾಸಿನಲ್ಲಿ ಮೊಟ್ಟೆಯಿಡುವ ಮೀನು. ಮುಂಗಾರಿನ ಮೊದಲ ಪ್ರವಾಹಕ್ಕೆ ಹಳ್ಳಕೊಳ್ಳಗಳನ್ನು ಏರುವ ಹತ್ತುಮೀನಿನ ಬೇಟೆ ಮಲೆನಾಡಿನಲ್ಲಿ ಹಬ್ಬದಷ್ಟೇ ಸಂಭ್ರಮದ ಸಂಗತಿ. ಕೂಣಿ ಇಟ್ಟು, ಬಲೆ ಒಡ್ಡಿ ಹಿಡಿಯುವ ಆ ಮೀನುಗಳಲ್ಲಿ ಮೊಟ್ಟೆ ತುಂಬಿದ ಮಹಸೀರ್ ಇದ್ದರೆ ಹೋದದ್ದು ಒಂದು ಮೀನಲ್ಲ. ಗುರುತು ತಿಳಿದವರು ಅದನ್ನು ಮರಳಿ ನೀರಿಗೆ ಬಿಡಬಲ್ಲರು. ಗುರುತಿಸುವಿಕೆಯ ಈ ಪಾಠ ಎಲ್ಲರಿಗಿಂತ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಹೊಳೆಯಂಚಿನ ಊರುಗಳವರಿಗೆ.

ತೋಟೆ ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದಂತೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ಕಾಲದಿಂದಲೇ ಅಪರಾಧ. ತೀರ್ಥಕ್ಷೇತ್ರದ ನಂಬಿಕೆಯೂ ಎಲ್ಲ ಕಾಲಕ್ಕೂ ಕಾವಲಾಗಿ ನಿಲ್ಲುವುದಿಲ್ಲ ಎಂಬುದನ್ನು ಬೆಳ್ತಂಗಡಿ ತಾಲ್ಲೂಕಿನ ಶಿಶಿಲ ಕಂಡಿದೆ. 1996ರಲ್ಲಿ ಅಲ್ಲಿನ ಮತ್ಸ್ಯತೀರ್ಥದ ನೀರಿಗೆ ವಿಷ ಬೆರೆಸಿದ್ದರಿಂದ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ.

ಭದ್ರೆಯ ಕಷ್ಟ ಬೇರೆ ಬಗೆಯದು. ಲಕ್ಕವಳ್ಳಿಯ ಅಣೆಕಟ್ಟೆ ಕೆಳಗಿನ ನದಿಯಿಂದ ಮೇಲಿನ ನದಿಗೆ ಮೀನು ಬರುವ ದಾರಿಯನ್ನು ಮುಚ್ಚಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಗಣಿಯಿಂದ ಹರಿದುಬಂದ ಹೂಳು ಭದ್ರೆಯ ಪಾತ್ರದಲ್ಲಿ ಇಳಿದಿತ್ತು. ಜಲ್ಲಿಯ ಸಂದಿಗಳು ಹೂಳಿನಿಂದ ಮುಚ್ಚಿದರೆ ಮೊಟ್ಟೆಗೆ ಉಸಿರಿಲ್ಲ.

ದಡದಿಂದ ಮೀನು ನೋಡುವ ಆಸಕ್ತರು ಕೊನೆಗೆ ಮಾಡಬಹುದಾದದ್ದು ಇಷ್ಟು. ಬೆಳಗಿನ ಓರೆ ಬಿಸಿಲಿನಲ್ಲಿ, ನೀರು ತಿಳಿಯಾಗಿರುವ ಬೇಸಗೆಯ ಮೊದಲ ತಿಂಗಳುಗಳಲ್ಲಿ ಮೀನಿನ ಪಕ್ಕದ ಒಂದು ಚಿತ್ರ, ಬಾಯ್ತೆರೆದಾಗಿನ ಇನ್ನೊಂದು ಚಿತ್ರ ತೆಗೆಯಬೇಕು. ಮೊದಲನೆಯದರಲ್ಲಿ ಹುರುಪೆ ಮತ್ತು ಬೆನ್ನಿನ ಈಜುರೆಕ್ಕೆ, ಎರಡನೆಯದರಲ್ಲಿ ಮೀಸೆ ಮತ್ತು ತುಟಿ ಕಾಣಬೇಕು. ಅದರೊಂದಿಗೆ ದಿನಾಂಕ ಮತ್ತು ಸ್ಥಳದ ಹೆಸರನ್ನು ಬರೆದಿಡಬೇಕು: ಶೃಂಗೇರಿಯ ಮಡುವೋ, ಹರಿಹರಪುರದ ಕೆಳಗಿನ ತಿರುವೋ, ಬಾಳೆಹೊನ್ನೂರಿನ ಸೇತುವೆಯ ಬಳಿಯೋ. ಸ್ಥಳವಿಲ್ಲದ ಚಿತ್ರ, ಎಷ್ಟೇ ಸುಂದರವಾಗಿದ್ದರೂ, ಅದು ಖುದ್ರಿಯೋ ಅದರ ಸೋದರ ಪ್ರಭೇದವೋ ಎಂದು ತಿಳಿಯಬಯಸುವವರಿಗೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ.